ಆರನೇ ಮೂತಿಯ ಬೆಸುಗೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಕಾಲಕ್ಕೆ ಮೂವರು ಷಣ್ಮುಖಪ್ಪಂದಿರಿದ್ದರು. ಒಬ್ಬ ಸ್ಟೋರಿನ ಗುಮಾಸ್ತ, ಇನ್ನೊಬ್ಬ ಕ್ಯಾಂಟೀನಿನವನು, ಮೂರನೆಯವನು ವೆಲ್ಡರ್. ಮೊದಲಿನಿಬ್ಬರನ್ನು ಹುಡುಕಿಕೊಂಡು ಬಂದವರಿಗೆ ಕ್ವಾರ್ಟರ್ಸಿನ ನಂಬರು ಬೇಕಾಗುತ್ತಿತ್ತು. ವೆಲ್ಡರ್ ಷಣ್ಮುಖಪ್ಪನ ಮನೆಯನ್ನು ಬೀದಿನಾಯಿಯೂ ತೋರಿಸುತ್ತಿತ್ತು. ಇದು ಅವನೇ ಹೇಳಿಕೊಳ್ಳುತ್ತಿದ್ದ ಮಾತು, ಹಾಗಾಗಿ ಅರ್ಧ ಬಿಟ್ಟು ಅರ್ಧ ನಂಬಿದರೆ ಸಾಕು. ಆ ಅರ್ಧವಂತೂ ನಿಜವೇ.

ಹತ್ತೊಂಬತ್ತನೇ ವಯಸ್ಸಿಗೆ ಊರಿನ ಉಕ್ಕಿನ ಕಾರ್ಖಾನೆ ಸೇರಿದಾಗ ಅವನಿಗೆ ಕೆಲಸ ಕಲಿಸಿದವನು ಒಬ್ಬ ತಮಿಳು ಮೇಸ್ತ್ರಿ. ಹಬೆ ಓಡುವ ಕೊಳವೆ, ಒತ್ತಡ ತಡೆಯುವ ಟ್ಯಾಂಕು, ಇವೇ ಅವರ ಕೆಲಸ. ಬೆಸುಗೆ ಬಿಟ್ಟುಕೊಂಡರೆ ಎದುರಿಗಿದ್ದವನ ಚರ್ಮ ಬೆಂದುಹೋಗುತ್ತದೆ. "ಉಳ್ಳೆ ಒಂದು ಹಾಕು, ವೆಳಿಯೆ ಒಂದು ಹಾಕು, ಆಮೇಲೆ ಮನೆಗೆ ಹೋಗಿ ಮಲ್ಕೋ" ಎಂದು ಮೇಸ್ತ್ರಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ. ಒಳಮೈಗೆ ಒಂದು ಬೆಸುಗೆ, ಹೊರಮೈಗೆ ಒಂದು ಬೆಸುಗೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಷಣ್ಮುಖಪ್ಪನ ಪಾಲಿಗೆ ಇದು ಬರೀ ಕೆಲಸದ ನಿಯಮವಾಗಿ ಉಳಿಯಲಿಲ್ಲ, ಮರ್ಯಾದೆಯ ಪ್ರಶ್ನೆಯಾಯಿತು. ಒಂದೇ ಕಡೆ ಬೆಸೆದು ಕೈತೊಳೆದುಕೊಳ್ಳುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ. ಇಪ್ಪತ್ತೇಳು ವರ್ಷದಲ್ಲಿ ಅವನು ಬೆಸೆದ ಒಂದೇ ಒಂದು ಕೊಳವೆಯೂ ವಾಪಸ್ಸು ಬರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡು, ಕ್ವಾರ್ಟರ್ಸ್ ಬಿಟ್ಟು, ಹೆಂಡತಿ ಬಸವರಾಜೇಶ್ವರಿಯೊಂದಿಗೆ ಹಳೇನಗರದ ಕಡೆ ಮನೆ ಮಾಡಿದ. ಅಳಿಯ ವಿಜಯಕುಮಾರ ಶಿವಮೊಗ್ಗಕ್ಕೂ ಭದ್ರಾವತಿಗೂ ಮಧ್ಯೆ, ಮಾಚೇನಹಳ್ಳಿಯಲ್ಲಿ ಒಂದು ಶೆಡ್ಡು ಹಾಕಿದ್ದ. ಡೈರಿಗಳಿಗೆ ಸ್ಟೀಲಿನ ಹಾಲಿನ ಟ್ಯಾಂಕು, ಹೋಟೆಲುಗಳಿಗೆ ಅಡುಗೆಯ ಪಾತ್ರೆಗಳು. ಶೆಡ್ಡು ನಡೆಯುತ್ತಿದ್ದುದು ಮಾವನ ಹೆಸರಿನಿಂದ, ಇದನ್ನು ಅಳಿಯನೂ ಒಪ್ಪುತ್ತಿದ್ದ. ಅಳಿಯನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಾವನ ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿನಲ್ಲೂ ಶುರುವಾಗಿತ್ತು. ಡಾಕ್ಟರು ಇನ್ನು ವೆಲ್ಡಿಂಗ್ ಸಾಕು ಎಂದಿದ್ದರು. ಷಣ್ಮುಖಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದು, "ಕನ್ನಡಕ ಬದಲಾಯಿಸ್ಬೇಕಂತೆ" ಎಂದು ಮನೆಯಲ್ಲಿ ಹೇಳಿದ. ವೆಲ್ಡರ್ ಅಲ್ಲದ ಷಣ್ಮುಖಪ್ಪ ಎಂದರೆ ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ.

ಎರಡು ಸಾವಿರದ ಐದರ ಫೆಬ್ರವರಿಯಲ್ಲಿ ಕವನಾ ಎಂಬ ಹುಡುಗಿ ಸ್ಕೂಟಿಯಲ್ಲಿ ಶೆಡ್ಡಿಗೆ ಬಂದಳು. ಶಿವಮೊಗ್ಗದ ಗೋಪಾಳದವಳು, ಇಪ್ಪತ್ತೈದರ ಆಸುಪಾಸು. ಅಲ್ಲಿನದೇ ಒಂದು ಕಾಲೇಜಿನಲ್ಲಿ ರವಿಶಂಕರ ಎಂಬ ಪ್ರೊಫೆಸರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ದೆಹಲಿಯ ವಿಜ್ಞಾನ ಇಲಾಖೆಯವರು ಆ ಪ್ರೊಫೆಸರಿಗೆ ಮೂರು ವರ್ಷಕ್ಕೆಂದು ಒಂದು ಯೋಜನೆ ಕೊಟ್ಟಿದ್ದರು. ಅದರಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಸಾಮಾನು ತರಿಸುವುದರಲ್ಲೇ ಕಳೆದುಹೋಗಿತ್ತು. ಕವನಾ ನಕ್ಷೆಯನ್ನು ಬೆಂಚಿನ ಮೇಲೆ ಹರಡಿದಳು. ಕೊಡದ ಗಾತ್ರದ ಸ್ಟೀಲಿನ ಪಾತ್ರೆ, ಸುತ್ತ ಗಾಜಿನ ಕಿಟಕಿ, ಪಂಪು ಜೋಡಿಸಲು ಗಿಡ್ಡ ಕೊಳವೆಯಂಥ ಎಂಟು ಮೂತಿ.

"ಇದ್ರಾಗೆ ಏನ್ ತುಂಬ್ತೀರಮ್ಮ?" ಎಂದು ಷಣ್ಮುಖಪ್ಪ ಕೇಳಿದ.

"ಏನೂ ತುಂಬಲ್ಲ ಅಂಕಲ್. ಇರೋದನ್ನೆಲ್ಲ ತೆಗೀತೀವಿ" ಎಂದು ಅವಳು ನಕ್ಕಳು. "ಹೈವೇ ಪಕ್ಕ ಕೇಬಲ್ ಹೂತಿದಾರಲ್ಲ, ಅದ್ರೊಳಗೆ ಬೆಳಕು ಹೋಗುತ್ತೆ. ದೂರ ಹೋದಂಗೆ ಸೋತು ಹೋಗುತ್ತೆ. ಫೋನಿನ ಬೆಳಕಾದ್ರೆ ಮಧ್ಯೆ ಮಷೀನಿಟ್ಟು ಜೋರು ಮಾಡ್ತಾರೆ. ನಾವು ಕಳಿಸೋದು ಬೆಳಕಿನ ಒಂದೇ ಒಂದು ಕಣ. ಅದನ್ನ ಮುಟ್ಟಿ ನೋಡಿದ್ರೆ ಕೆಟ್ಟೋಗುತ್ತೆ, ನಕಲು ಮಾಡೋಕೂ ಬರಲ್ಲ."

"ಮತ್ತೆ ಹೆಂಗೆ?"

"ದಾರೀಲಿ ತಂಗೋಕೆ ಒಂದು ಜಾಗ ಬೇಕು. ಈ ಪಾತ್ರೆಯೊಳಗೆ ಚೂರೇ ಚೂರು ಲೋಹದ ಆವಿ ಬಿಟ್ಟು, ಅದರ ಪರಮಾಣುಗಳನ್ನ ಲೇಸರಿಂದ ಅಲುಗಾಡದಂಗೆ ಹಿಡಿದಿಡ್ತೀವಿ. ಬೆಳಕು ತಂದ ಸುದ್ದೀನ ಅವು ಒಂದು ಗಳಿಗೆ ನೆನಪಿಟ್ಕೊಂಡು ಮುಂದಕ್ಕೆ ಕಳಿಸ್ತವೆ. ಇಂಥದಕ್ಕೆ ನೋಡ್ ಅಂತಾರೆ. ಊರಿಂದ ಊರಿಗೆ ಇಂಥ ನೋಡ್ ಇದ್ರೆ ಸುದ್ದಿ ಎಷ್ಟು ದೂರ ಬೇಕಾದ್ರೂ ಹೋಗುತ್ತೆ, ಮಧ್ಯೆ ಯಾರೂ ಕದ್ದು ಕೇಳೋಕಾಗಲ್ಲ. ಮೊದಲ್ನೇದು ಶಿವಮೊಗ್ಗದಲ್ಲಿ. ಇದು ನಡೆದ್ರೆ ಎರಡನೇದು ನಿಮ್ಮ ಭದ್ರಾವತೀಲಿ."

ಒಳಗೆ ಗಾಳಿಯ ಒಂದು ಕಣ ಉಳಿದರೂ ಅದು ಹೋಗಿ ಡಿಕ್ಕಿ ಹೊಡೆದು, ಹಿಡಿದಿಟ್ಟ ಪರಮಾಣುವನ್ನು ಓಡಿಸಿಬಿಡುತ್ತದಂತೆ. ಆದ್ದರಿಂದ ಪಾತ್ರೆಯೊಳಗೆ ಆಕಾಶದಾಚೆ ಇರುವಂಥ ಖಾಲಿ ಬೇಕು. ಬೆಂಗಳೂರಿನಲ್ಲಿ ಮಾಡಿಸಲು ಆರು ತಿಂಗಳು ಕಾಯಬೇಕಿತ್ತು. ಯಾರೋ ಷಣ್ಮುಖಪ್ಪನ ಹೆಸರು ಹೇಳಿದ್ದರು.

"ಬೆಸುಗೆ ಒಳಗಡೆ ಮಾತ್ರ ಅಂಕಲ್. ಹೊರಗಡೆ ಬೇಡ. ಡ್ರಾಯಿಂಗಲ್ಲೂ ಬರ್ದಿದೀನಿ" ಎಂದು ಹೊರಡುವಾಗ ಕವನಾ ಹೇಳಿದಳು.

"ಆಯ್ತಮ್ಮ" ಎಂದ ಷಣ್ಮುಖಪ್ಪ.

ಯಾಕೆ ಎಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಓದಿದವರಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತಿಲ್ಲ, ಕೈಕೆಲಸದವರಿಗೆ ಕೇಳಿದರೆ ಸಣ್ಣವರಾಗುತ್ತೇವೆಂಬ ಅಂಜಿಕೆ. ನಮ್ಮ ಕಡೆ ಎಷ್ಟು ಒಳ್ಳೆಯ ಕೆಲಸಗಳು ಈ ಎರಡರ ನಡುವೆ ಬಿದ್ದು ಹಾಳಾಗಿವೆಯೋ ದೇವರೇ ಬಲ್ಲ.

ಮೂರು ವಾರ ಷಣ್ಮುಖಪ್ಪ ಬೇರೆ ಕೆಲಸ ಮುಟ್ಟಲಿಲ್ಲ. ಕೈ ತೋಳಿನವರೆಗೂ ಪಾತ್ರೆಯೊಳಗೆ ಹಾಕಿ, ಕುತ್ತಿಗೆ ಓರೆ ಮಾಡಿ, ಒಂದೊಂದೇ ಮೂತಿಯ ಒಳಸುತ್ತನ್ನು ಬೆಸೆದ. ಐದು ಮೂತಿ ಬೆಣ್ಣೆಯ ಹಾಗೆ ಬಂದವು. ಆರನೆಯದು ಎಡಕ್ಕೆ, ತಳಭಾಗದಲ್ಲಿತ್ತು. ಅಲ್ಲಿ ಬಲಗಣ್ಣು ತಲುಪುತ್ತಿರಲಿಲ್ಲ, ಎಡಗಣ್ಣಿಗೆ ಬೆಂಕಿಯ ಸುತ್ತ ಬರೀ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ಕೊನೆಯ ಒಂದು ಅಂಗುಲವನ್ನು ಅವನು ಕೈಯ ರೂಢಿಯ ಮೇಲೆ ಬೆಸೆದ. ಟಾರ್ಚು ಬಿಟ್ಟು ನೋಡಿದ, ಸರಿಯಾಗಿದೆ ಎಂದುಕೊಂಡ. ನಿಜ ಹೇಳಬೇಕೆಂದರೆ ಸರಿಯಾಗಿದೆಯೋ ಇಲ್ಲವೋ ಅವನಿಗೆ ಕಾಣಲಿಲ್ಲ. ಅಳಿಯನನ್ನು ಕರೆದು ತೋರಿಸಿದ್ದರೆ ಕಣ್ಣಿನ ಗುಟ್ಟು ಬಯಲಾಗುತ್ತಿತ್ತು. ಕರೆಯಲಿಲ್ಲ.

ಎಂಟೂ ಮುಗಿದ ಮೇಲೆ ಪಾತ್ರೆಯನ್ನು ಬೆಂಚಿನ ಮೇಲಿಟ್ಟು ಸುತ್ತ ನೋಡಿದ. ಪ್ರತಿ ಮೂತಿಯ ಬುಡದಲ್ಲೂ ಹೊರಗೆ ಕೂದಲೆಳೆಯಷ್ಟು ಸಂದು. ಬೆಸುಗೆ ಇಲ್ಲದ ಬರೀ ಸಂದು. ಅವನಿಗೆ ಅದು ಹೊಲಿಯದೆ ಬಿಟ್ಟ ಅಂಗಿಯ ಹಾಗೆ ಕಂಡಿತು. ಪಾಪ, ಹುಡುಗಿಗೆ ಏನು ಗೊತ್ತು, ಪುಸ್ತಕ ನೋಡಿ ಬರೆದಿರುತ್ತಾಳೆ. ನಾಳೆ ಬಿರುಕು ಬಿಟ್ಟರೆ ಯಾರ ಹೆಸರು ಹಾಳು? ಹೀಗೆ ತನಗೆ ತಾನೇ ಹೇಳಿಕೊಂಡು, ಎಂಟು ಮೂತಿಗೂ ಹೊರಗಡೆ ಇನ್ನೊಂದು ಸುತ್ತು ಬೆಸೆದ. ಆರನೆಯದಕ್ಕೆ ಎರಡು ಸುತ್ತು ಹಾಕಿದ. ಆಮೇಲೆ ಉಜ್ಜಿ, ಪಾಲಿಶ್ ಕೊಟ್ಟು, ಬೆಸುಗೆಯ ಗುರುತೇ ಇಲ್ಲದಂತೆ ಕನ್ನಡಿ ಮಾಡಿದ.

ಒಯ್ಯಲು ಬಂದ ಕವನಾ ಬೆರಳಾಡಿಸಿ ಬೆರಗಾದಳು. "ಅಂಕಲ್, ಸಂದೇ ಕಾಣ್ತಿಲ್ವಲ್ಲ!"

ಆಗ ಒಂದು ಮಾತು ಹೇಳಿದ್ದರೆ ಮುಗಿದಿತ್ತು. "ಅಷ್ಟು ಬಿಗಿಯಾಗಿ ಕೂರ್ಸಿದೀನಿ ಕಣಮ್ಮ" ಎಂದ ಷಣ್ಮುಖಪ್ಪ. ಹೊಗಳಿಕೆ ಕಿವಿಗೆ ಬಿದ್ದಾಗ ಸುಳ್ಳು ತಾನಾಗಿಯೇ ಬಾಯಿಗೆ ಬರುತ್ತದೆ, ಅದಕ್ಕೇನೂ ಅಭ್ಯಾಸ ಬೇಡ.

ಮೇ ತಿಂಗಳಲ್ಲಿ ಪಾತ್ರೆ ಕಾಲೇಜಿನ ಕೋಣೆಯಲ್ಲಿ ಗಾಳಿ ಎಳೆದುಹಾಕುವ ಪಂಪಿಗೆ ಜೋಡಣೆಯಾಯಿತು. ಒಂದು ವಾರದಲ್ಲಿ ಒತ್ತಡದ ಅಂಕಿ ಸರಸರನೆ ಇಳಿದು, ಒಂದು ಕಡೆ ಬಂದು ನಿಂತುಬಿಟ್ಟಿತು. ಬೇಕಾದ್ದಕ್ಕಿಂತ ನೂರು ಪಟ್ಟು ಮೇಲೆ. ಎಲ್ಲೋ ಸೋರುತ್ತಿದೆ ಎಂದು ಪ್ರೊಫೆಸರು ಬೆಂಗಳೂರಿನಿಂದ ಪರೀಕ್ಷೆಯ ಯಂತ್ರ ಎರವಲು ತರಿಸಿದರು. ಹೊರಗಿನಿಂದ ಹೀಲಿಯಂ ಅನಿಲವನ್ನು ಊದುತ್ತ ಹೋಗುವುದು. ತೂತಿದ್ದ ಕಡೆ ಅನಿಲ ಒಳಗೆ ನುಗ್ಗಿದರೆ ಯಂತ್ರ ಕೀರಲು ದನಿಯಲ್ಲಿ ಕೂಗುತ್ತದೆ. ಕವನಾ ಇಂಚಿಂಚಿಗೂ ಊದಿದಳು. ಯಂತ್ರ ಉಸಿರೆತ್ತಲಿಲ್ಲ.

ಬೆಸುಗೆಯಲ್ಲಿ ತಪ್ಪಿಲ್ಲವೆಂದಾಯಿತು. ಹಾಗಾದರೆ ಗಾಜಿನ ಕಿಟಕಿಯಿರಬೇಕು. ಜರ್ಮನಿಯಿಂದ ಬಂದ ಕಿಟಕಿಗಳನ್ನು ಬಿಚ್ಚಿ ಬದಲಾಯಿಸಿದರು. ಬಿಚ್ಚುವಾಗ ಒಂದು ಒಡೆಯಿತು, ಇನ್ನೊಂದು ಬರಲು ಎರಡು ತಿಂಗಳಾಯಿತು. ಮೂತಿಗಳ ಬಾಯಿಗೆ ಬಿಗಿಗಾಗಿ ಕೂರಿಸಿದ್ದ ತಾಮ್ರದ ಬಳೆಗಳನ್ನು ಬದಲಾಯಿಸಿದರು. ಪಂಪನ್ನು ರಿಪೇರಿಗೆ ಕಳಿಸಿ ತರಿಸಿದರು. ಒಳಗೆ ಅಂಟಿದ ತೇವ ಹೋಗಲೆಂದು ಪಾತ್ರೆಗೆ ಹೀಟರು ಸುತ್ತಿ ದಿನಗಟ್ಟಲೆ ಬೇಯಿಸಿದರು. ಅಂಕಿ ಕೂತಲ್ಲಿಂದ ಕದಲಲಿಲ್ಲ. ಪರಮಾಣುಗಳು ಒಂದು ಕಣ್ಣುಮಿಟುಕಿನಷ್ಟು ಹೊತ್ತು ನಿಂತು ಚೆದುರಿಹೋಗುತ್ತಿದ್ದವು. ಮುಂದಿನ ಫೆಬ್ರವರಿಯಲ್ಲಿ ದೆಹಲಿಯ ಸಮಿತಿ ಬಂದು ನೋಡುವುದಿತ್ತು. ಅಷ್ಟರೊಳಗೆ ನೋಡ್ ನಡೆದರೆ ಭದ್ರಾವತಿಯ ಎರಡನೆಯದು ಮಂಜೂರು, ಕವನಾಳ ಓದು ಮುಂದಕ್ಕೆ. ನಡೆಯದಿದ್ದರೆ ಎಲ್ಲ ಬಂದ್.

ಆಯುಧಪೂಜೆ ಮುಗಿದ ವಾರ ಷಣ್ಮುಖಪ್ಪ ಒಂದು ಸ್ಟ್ಯಾಂಡು ಕೂರಿಸಲು ಕಾಲೇಜಿಗೆ ಹೋದ. ಕವನಾಳ ಮುಖ ಬತ್ತಿಹೋಗಿತ್ತು. ಕೆಲಸ ಮಾಡುತ್ತ ಮಾತಿಗೆ ಅವನು, "ಅಲ್ಲಮ್ಮ, ಹೊರಗಡೆ ಯಾಕೆ ಬೆಸುಗೆ ಬೇಡ ಅಂದಿದ್ರಿ?" ಎಂದ.

ಅವಳು ಹಾಳೆಯ ಮೇಲೆ ಎರಡು ತಗಡು, ಎರಡೂ ಕಡೆ ಬೆಸುಗೆಯ ಗುರುತು ಬರೆದಳು. "ನೋಡಿ, ಎರಡೂ ಕಡೆ ಮುಚ್ಚಿದ್ರೆ ಮಧ್ಯದ ಸಂದಲ್ಲಿ ಗಾಳಿ ಸಿಕ್ಕಾಕ್ಕೊಳುತ್ತೆ. ಒಳಗಿನ ಬೆಸುಗೇಲಿ ಸೂಜಿಮೊನೆಗಿಂತ ಸಣ್ಣ ತೂತಿದ್ರೂ ಸಾಕು, ಆ ಗಾಳಿ ವರ್ಷಗಟ್ಟಲೆ ಚೂರುಚೂರೇ ಒಳಗೆ ಬರ್ತಾನೇ ಇರುತ್ತೆ. ಹೊರಗಿಂದ ಹೀಲಿಯಂ ಊದಿದ್ರೆ ಹೊರಗಿನ ಬೆಸುಗೆ ತಡೆಯುತ್ತೆ, ಯಂತ್ರಕ್ಕೆ ಗೊತ್ತೇ ಆಗಲ್ಲ. ಹಬೆ ಪೈಪಿಗೆ ಎರಡು ಬೆಸುಗೆ ಬಲ ಅಂಕಲ್, ನಮಗೆ ಅದು ವಿಷ." ಪೆನ್ನಿನ ಮುಚ್ಚಳ ಹಾಕುತ್ತ ಅವಳು ಅಂದಳು, "ಪುಣ್ಯಕ್ಕೆ ನಾನು ಹೇಳಿದಂಗೇ ಮಾಡಿಕೊಟ್ರಿ. ಅದೊಂದು ಕಡೆ ನಾನು ಹುಡುಕ್ಬೇಕಾಗಿಲ್ಲ."

ಷಣ್ಮುಖಪ್ಪ ಕೈಲಿದ್ದ ಸ್ಪ್ಯಾನರು ಕೆಳಗಿಟ್ಟು ನೀರು ಕೇಳಿ ಕುಡಿದ. ಆರನೇ ಮೂತಿಯ ಆ ಒಂದು ಅಂಗುಲ ಕಣ್ಣಮುಂದೆ ಬಂತು, ಬೆಸೆಯುವಾಗ ಕಾಣದಿದ್ದದ್ದು ಈಗ ಸ್ಪಷ್ಟವಾಗಿ ಕಂಡಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಪ್ರೊಫೆಸರು ಒಳಗೆ ಬಂದು, "ಏನ್ರೀ ಷಣ್ಮುಖಪ್ಪ, ಈ ಕೋಣೇಲಿ ಅನುಮಾನ ಇಲ್ದೇ ಇರೋದು ನಿಮ್ಮ ಕೆಲಸದ ಮೇಲೆ ಮಾತ್ರ ಕಣ್ರೀ" ಎಂದು ಬೆನ್ನು ತಟ್ಟಿದರು. ಬಾಯಿ ಮುಚ್ಚಿಕೊಂಡಿತು.

ಭದ್ರಾವತಿಯ ಬಸ್ಸಿನಲ್ಲಿ ಕೂತು ಅವನು ಲೆಕ್ಕಾಚಾರ ಹಾಕಿದ. ಹೇಳಿದರೆ ನಕ್ಷೆ ಮೀರಿದ್ದು ಗೊತ್ತಾಗುತ್ತದೆ. ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಒಳಬೆಸುಗೆ ಯಾಕೆ ಕೆಟ್ಟಿತು ಎಂದರೆ ಕಣ್ಣು ಹೋದದ್ದು ಗೊತ್ತಾಗುತ್ತದೆ. ಕುರುಡ ವೆಲ್ಡರಿನ ಶೆಡ್ಡಿಗೆ ಯಾರು ಬರುತ್ತಾರೆ, ಅಳಿಯನ ಗತಿ ಏನು? ಅಳಿಯನ ನೆಪ ಅವನಿಗೆ ಒಳ್ಳೆಯ ಆಸರೆಯಾಯಿತು. ದೀಪಾವಳಿ ಕಳೆಯಲಿ, ಹೇಳುತ್ತೇನೆ ಎಂದುಕೊಂಡ. ದೀಪಾವಳಿ ಕಳೆಯಿತು. ಅವರೇ ಹುಡುಕಿಕೊಳ್ಳುತ್ತಾರೆ, ಅಷ್ಟು ಓದಿದವರು ಎಂದುಕೊಂಡ. ಸಂಕ್ರಾಂತಿಯೂ ಕಳೆಯಿತು.

ಬಸವರಾಜೇಶ್ವರಿ ಮೂವತ್ತು ವರ್ಷ ಸಂಸಾರ ಮಾಡಿದವಳು. ತಟ್ಟೆಯಲ್ಲಿ ಉಳಿಯುವ ಅನ್ನ ನೋಡಿಯೇ ಅವಳಿಗೆ ತಿಳಿಯುತ್ತಿತ್ತು. "ರೀ, ಏನನ್ನ ಹೊಟ್ಟೇಲಿ ಇಟ್ಕೊಂಡಿದೀರ?" ಎಂದು ಒಂದು ಮಧ್ಯಾಹ್ನ ಹಿಡಿದು ಕೂರಿಸಿ ಕೇಳಿದಳು.

"ಏನಿಲ್ಲ ಮಾರಾಯ್ತಿ."

"ಏನಿಲ್ಲ ಅಂದ್ರೆ ಉಣ್ಣಿ ಮತ್ತೆ."

ಉಣ್ಣಲಾಗಲಿಲ್ಲ. ಅಂದು ಅವನು ಅವಳಿಗೆ ಕಣ್ಣಿನ ಕತೆಯನ್ನೂ ಬೆಸುಗೆಯ ಕತೆಯನ್ನೂ ಹೇಳಿದ. ಅವಳು ಬೈಯಲಿಲ್ಲ. "ಆ ಹುಡುಗಿಗೆ ಇವತ್ತೇ ಹೋಗಿ ಹೇಳಿ ಬನ್ನಿ" ಎಂದಷ್ಟೇ ಹೇಳಿದಳು. ಅವನು ಹೊರಟ, ಬಸ್‌ಸ್ಟ್ಯಾಂಡಿನವರೆಗೂ ಹೋದ. ಶಿವಮೊಗ್ಗದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಸಂಜೆ ಮನೆಗೆ ಬಂದು, "ಅವಳು ಸಿಗಲಿಲ್ಲ" ಎಂದ. ಹೆಂಡತಿಗೂ ಸುಳ್ಳು ಹೇಳುವಷ್ಟಕ್ಕೆ ಬಂದಿದ್ದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ತಪ್ಪು ಮಾಡಿದ್ದು ಕಣ್ಣು, ಅದಕ್ಕೆ ಕ್ಷಮೆಯಿದೆ. ಆ ಬಸ್ಸುಗಳನ್ನು ಬಿಟ್ಟವನು ಮಾತ್ರ ಷಣ್ಮುಖಪ್ಪನೇ.

ಫೆಬ್ರವರಿಯ ಮೊದಲ ವಾರ ಸಮಿತಿಯವರು ಬಂದರು. ಅರ್ಧ ದಿನ ನೋಡಿದರು, ಚಹಾ ಕುಡಿದರು, ಹೋದರು. ಹದಿನೈದು ದಿನದಲ್ಲಿ ಕಾಗದ ಬಂತು. ಮೂರು ವರ್ಷದಲ್ಲಿ ಒಂದು ನಿರ್ವಾತ ಪಾತ್ರೆಯನ್ನೂ ಸರಿಮಾಡಿಕೊಳ್ಳಲಾಗದ ಕಡೆ ಇಂಥ ಕೆಲಸ ಆಗದು ಎಂಬುದು ಅದರ ಸಾರ. ರವಿಶಂಕರರು ಮೊದಲಿನಂತೆ ಪಾಠಕ್ಕೆ ಮರಳಿದರು. ಕವನಾಳ ಸಂಶೋಧನೆ ಅರ್ಧಕ್ಕೆ ನಿಂತಿತು. ಜೂನಿನಿಂದ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಒಪ್ಪಿಕೊಂಡಳು. ಈ ಸುದ್ದಿ ಅಳಿಯನ ಬಾಯಿಂದ ಷಣ್ಮುಖಪ್ಪನಿಗೆ ತಲುಪಿದ ಮರುದಿನ ಬೆಳಿಗ್ಗೆ ಅವನು ಕೈಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದ.

ಕವನಾ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಪಂಪು ಇನ್ನೂ ಓಡುತ್ತಿತ್ತು. ಎರವಲು ತಂದ ಯಂತ್ರ ಮರುದಿನ ವಾಪಸ್ಸು ಹೋಗುವುದಿತ್ತು.

"ಹೊರಗಡೇನೂ ಬೆಸ್ದಿದೀನಿ ಕಣಮ್ಮ" ಎಂದ ಷಣ್ಮುಖಪ್ಪ, ಬಾಗಿಲಲ್ಲೇ ನಿಂತು. "ಎಂಟಕ್ಕೂ. ಉಜ್ಜಿ ಮರೆ ಮಾಡಿದೀನಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪೆಟ್ಟಿಗೆಯಿಂದ ಯಂತ್ರ ಹೊರತೆಗೆದು ಮತ್ತೆ ಜೋಡಿಸಿದಳು. ಷಣ್ಮುಖಪ್ಪ ಬಗ್ಗಿ, ಬೆರಳಿನಿಂದ ತಡವಿ, ಆರನೇ ಮೂತಿಯ ಬುಡಕ್ಕೆ ಡ್ರಿಲ್ಲು ಹಿಡಿದ.

"ಎಂಟಿದಾವೆ. ಅದಕ್ಕೇ ಯಾಕೆ?" ಎಂದು ಅವಳು ಕೇಳಿದಳು.

"ಇಲ್ಲಿ ನಂಗೆ ಕಂಡಿರ್ಲಿಲ್ಲ."

ಹೊರಬೆಸುಗೆಯಲ್ಲಿ ಸಣ್ಣ ತೂತು ಬಿತ್ತು. ಕೂಡಲೇ ಅಂಕಿ ಜಿಗಿದು ಮೇಲೇರಿತು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಅದು ಅಲುಗಾಡಿದ್ದು. ಕವನಾ ತೂತಿಗೆ ಹೀಲಿಯಂ ಊದಿದಳು. ಯಂತ್ರ ಕಿರುಚಿಕೊಂಡಿತು. ಆ ದನಿ ಕೋಣೆಯನ್ನೆಲ್ಲ ತುಂಬಿತು, ಅವಳು ಅದನ್ನು ನಿಲ್ಲಿಸಲಿಲ್ಲ, ಕೇಳುತ್ತ ನಿಂತಳು. ಗೋಡೆಯ ಗಡಿಯಾರ ನೋಡಿದಳು. ಅವನು ಒಳಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ.

"ಒಳಗಡೆ ಆ ಚುಕ್ಕೆಗೆ ಒಂದು ಸಲ ಬೆಸುಗೆ ಮುಟ್ಟಿಸಿ, ಹೊರಗಿನದನ್ನ ಕೆತ್ತಿ ಹಾಕಿದ್ರೆ ಆಗ್ತಿತ್ತು" ಎಂದಳು. ದನಿ ಏರಲಿಲ್ಲ. "ಒಂದು ವಾರದ ಕೆಲಸ."

"ಈಗ ಮಾಡ್ಸೋಣ ಕಣಮ್ಮ. ಅಳಿಯನ ಕೈಲಿ ಮಾಡ್ಸಿಕೊಡ್ತೀನಿ. ನಾಳೆನೇ."

"ಈಗ ಯಾರಿಗೆ ಅಂಕಲ್?"

ಅವಳು ಯಂತ್ರ ಆರಿಸಿದಳು. "ಅಕ್ಟೋಬರಲ್ಲಿ ನಾನು ಹಾಳೆ ಮೇಲೆ ಬರೆದು ತೋರಿಸಿದ್ನಲ್ಲ. ಅವತ್ತು ನಿಮಗೆ ಗೊತ್ತಾಯ್ತಾ?"

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ವಯಸ್ಸಾದವನು, ಹಳೆಯ ಕಾಲದ ಕೆಲಸಗಾರ, ತಿಳಿಯದೆ ಮಾಡಿದ ಎಂದು ಮರುಗಿಯೂ ಇರುತ್ತಿದ್ದಳು. ಷಣ್ಮುಖಪ್ಪನಿಗೆ ಅದು ಗೊತ್ತಿತ್ತು.

"ಗೊತ್ತಾಯ್ತು" ಎಂದ. "ಅವತ್ತೇ ಗೊತ್ತಾಯ್ತು."

ಅವನಿಗೆ ಬೈಸಿಕೊಳ್ಳಬೇಕೆನ್ನಿಸುತ್ತಿತ್ತು. ಅವಳು ಕೂಗಾಡಲಿ, ಡ್ರಿಲ್ಲು ಎತ್ತಿ ಎಸೆಯಲಿ ಎಂದು ಕಾದ. ಕವನಾ ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡಳು, ಮೇಜಿನ ಮೇಲಿನ ದಪ್ಪ ನೋಟ್‌ಬುಕ್ ತೆಗೆದು ಬರೆಯತೊಡಗಿದಳು. ಆ ಕೋಣೆಯಲ್ಲಿ ನಡೆದ ಪ್ರತಿ ಪರೀಕ್ಷೆಯನ್ನೂ ಅದರಲ್ಲಿ ತಾರೀಖು ಹಾಕಿ ಬರೆಯುವುದು, ಎದುರಿಗಿದ್ದವರು ಸಹಿ ಮಾಡುವುದು ಪದ್ಧತಿ. ಬರೆದು ಮುಗಿಸಿ ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ಕಾಣಲ್ಲಮ್ಮ, ಓದಿ ಹೇಳು" ಎಂದ. ಆ ಮಾತನ್ನು ಅವನು ಹೊರಗಿನವರೆದುರು ಆಡಿದ್ದು ಅದೇ ಮೊದಲು.

ಇಂಗ್ಲಿಷಿನಲ್ಲಿದ್ದುದನ್ನು ಅವಳು ಕನ್ನಡದಲ್ಲಿ, ಪಾಠ ಒಪ್ಪಿಸುವವಳ ಹಾಗೆ ಓದಿದಳು. "ಸೋರಿಕೆ ಸಿಕ್ಕಿದೆ. ಆರನೇ ಮೂತಿ, ಒಳಬೆಸುಗೆ. ಹೊರಗೆ ಎರಡನೇ ಬೆಸುಗೆ ಇದ್ದದ್ದರಿಂದ ಪರೀಕ್ಷೆಗೆ ಸಿಕ್ಕಿರಲಿಲ್ಲ. ವೆಲ್ಡರ್‌ಗೆ ಇದು ಅಕ್ಟೋಬರಿನಿಂದ ಗೊತ್ತಿತ್ತು."

ಪೆನ್ನು ಕೈಗೆ ಕೊಟ್ಟು, ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಷಣ್ಮುಖಪ್ಪ ಬಗ್ಗಿ ಅಲ್ಲಿ ಸಹಿ ಹಾಕಿದ.